ಸೊಸೆಯ ತಪ್ಪಲ್ಲ, ಮಗುವಿನ ತಪ್ಪಲ್ಲ



ಇವತ್ತು ನಾವು ಮೂಳೆಯ ಒಂದು ಕಾಯಿಲೆಯ ಬಗ್ಗೆ ಮಾತಾಡೋಣ. ಇದು ದೂರದ ಊರಿನ ಕತೆಯಲ್ಲ. ನಮ್ಮ ತೊಗರ್ಸಿ ಇರುವ ಶಿವಮೊಗ್ಗ ಜಿಲ್ಲೆಯದೇ.

ಸಾಗರದ ಹತ್ತಿರ ಹಂದಿಗೋಡು ಅಂತ ಒಂದು ಹಳ್ಳಿ. 1975ರ ಹೊತ್ತಿಗೆ ಈ ಕಾಯಿಲೆ ಅಲ್ಲಿ ಬೆಳಕಿಗೆ ಬಂತು. ಅದಕ್ಕೇ ಹಂದಿಗೋಡು ಕಾಯಿಲೆ ಅನ್ನುತ್ತಾರೆ. ಕೂಲಿ ಮಾಡುವ ಬಡ ದಲಿತ ಕುಟುಂಬಗಳೇ ಇದರಿಂದ ಹೆಚ್ಚು ನೊಂದವು.

ಇದರಲ್ಲಿ ಏನಾಗುತ್ತದೆ? ಸೊಂಟದ ಕೀಲು, ಮಂಡಿ ನೋಯುತ್ತವೆ. ನಡೆಯೋದು, ಕುಕ್ಕರಗಾಲಲ್ಲಿ ಕೂರೋದು ಕಷ್ಟ. ಕೆಲವರು ಎತ್ತರ ಬೆಳೆಯುವುದೇ ಇಲ್ಲ. ಆದರೆ ಬುದ್ಧಿಗೆ ಏನೂ ಕುಂದಿಲ್ಲ.

ಯಾಕೆ ಬರುತ್ತದೆ? ಮೊದಲು ಜನ ಗದ್ದೆಯ ಏಡಿ ತಿಂದದ್ದಕ್ಕೆ ಅಂದರು. ಏಡಿಗೆ ಸೇರಿದ ಔಷಧಿಯ ವಿಷ ಅಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪರೀಕ್ಷೆ ಮಾಡಿದರು. ಮುಂದೆ ಮನೆತನಗಳ ವಂಶಾವಳಿ ಬರೆದು ನೋಡಿದರು. ಆಗ ತಿಳಿಯಿತು, ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ.

ಅಪ್ಪನಿಂದಲೂ ಬರಬಹುದು, ಅವ್ವನಿಂದಲೂ ಬರಬಹುದು. ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು. ರೂಪಾಯಿ ನಾಣ್ಯ ಚಿಮ್ಮಿದ ಹಾಗೆ. ಒಂದು ಕಡೆ ಬಿದ್ದರೆ ಮಗುವಿಗೆ ಬರುತ್ತದೆ, ಇನ್ನೊಂದು ಕಡೆ ಬಿದ್ದರೆ ಇಲ್ಲ. ಪ್ರತಿ ಬಸುರಿಗೂ ನಾಣ್ಯ ಹೊಸದಾಗಿ ಚಿಮ್ಮಿದಂತೆ.

ಹಾಗಾದರೆ ಸೊಸೆಯನ್ನು ಬೈಯೋದು ಸರಿಯೇ? ಅವಳ ಕಾಲ್ಗುಣ ಅನ್ನೋದು ನ್ಯಾಯವೇ? ಇದು ಶಾಪವಲ್ಲ. ಮುಟ್ಟಿದರೆ ಅಂಟುವುದಿಲ್ಲ. ಒಟ್ಟಿಗೆ ಉಂಡರೆ ಬರುವುದಿಲ್ಲ.

ಕಾಯಿಲೆ ಪೂರ್ತಿ ವಾಸಿಯಾಗುವ ಮದ್ದಿಲ್ಲ. ಆದರೆ ನೋವು ಕಡಿಮೆ ಮಾಡಬಹುದು. ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ವ್ಯಾಯಾಮ ಮಾಡಬೇಕು. ಕೋಲು ಹಿಡಿಯೋಕೆ ನಾಚಿಕೆ ಬೇಡ. ಕೆಲವರಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಆಗುತ್ತದೆ. ಮನೆತನದಲ್ಲಿ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಮಕ್ಕಳಾಗುವ ಮೊದಲೇ ಗಂಡ ಹೆಂಡತಿ ಇಬ್ಬರೂ ಹೋಗಿ ಡಾಕ್ಟರನ್ನು ಕೇಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುಬ್ಜತೆಯೂ ಸೇರಿದೆ. 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ದೊಡ್ಡವರು ಇದರಲ್ಲಿ ಬರುತ್ತಾರೆ. ನಡೆಯಲು ಕಷ್ಟ ಇರುವವರಿಗೂ ಕಾಯ್ದೆಯಲ್ಲಿ ಜಾಗವಿದೆ. ಡಾಕ್ಟರ ಪರೀಕ್ಷೆ ಆಗಿ ಕಾರ್ಡ್ ಸಿಕ್ಕರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಅರ್ಜಿಯನ್ನು ಈಗ ನಾವೇ ಓದಬಲ್ಲೆವು. ನಮ್ಮ ಹೆಸರು ನಾವೇ ಬರೆಯಬಲ್ಲೆವು. ನಮ್ಮ ಕೇರಿಯಲ್ಲಿ ಇಂಥ ಮಗು ಇದ್ದರೆ ಮನೆಯ ಮೂಲೆಯಲ್ಲಿ ಕೂರಿಸೋದು ಬೇಡ. ಕಾಲು ನೋಯುತ್ತದೆ ಅಂದರೆ ಸೈಕಲ್ ಮೇಲಾದರೂ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರೋಣ.