ತೆರೆಯ ಮೇಲಿನ ಎರ್ನಿ ಡೇವಿಸ್

ಅಮೆರಿಕದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ 45ನೇ ಸಂಖ್ಯೆಯ ಅಂಗಿಯನ್ನು ಯಾರಿಗೂ ಕೊಡುವುದಿಲ್ಲ. ಅದು ಎರ್ನಿ ಡೇವಿಸ್‌ನ ನೆನಪಿಗೆ ಮೀಸಲು. ವಿಚಿತ್ರವೆಂದರೆ ಡೇವಿಸ್ ಆ ತಂಡದ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. 1962ರ ಬೇಸಿಗೆಯಲ್ಲಿ, ಆಟಕ್ಕೆ ಇಳಿಯುವ ಮೊದಲೇ, ಅವನಿಗೆ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. 1963ರ ಮೇ 18ರಂದು ತೀರಿಕೊಂಡಾಗ ಅವನಿಗೆ 23 ವರ್ಷ.

ಅವನ ಬದುಕನ್ನು ಕುರಿತ ಚಿತ್ರ 2008ರಲ್ಲಿ ತೆರೆಕಂಡ ‘ದಿ ಎಕ್ಸ್‌ಪ್ರೆಸ್’. ನಿರ್ದೇಶಕ ಗ್ಯಾರಿ ಫ್ಲೆಡರ್. ಡೇವಿಸ್ ಆಗಿ ರಾಬ್ ಬ್ರೌನ್, ತರಬೇತುದಾರ ಶ್ವಾರ್ಟ್ಸ್‌ವಾಲ್ಡರ್ ಆಗಿ ಡೆನಿಸ್ ಕ್ವೇಡ್ ನಟಿಸಿದ್ದಾರೆ.

ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ನುಗ್ಗುವ ಆಟ ಅದು. ಹೀಗೆ ನುಗ್ಗುವುದರಲ್ಲಿ ಡೇವಿಸ್ ನಿಸ್ಸೀಮ. ಕಾಲೇಜು ಮಟ್ಟದ ಶ್ರೇಷ್ಠ ಆಟಗಾರನಿಗೆ 1935ರಿಂದ ಕೊಡುತ್ತಿರುವ ಹೈಸ್ಮನ್ ಟ್ರೋಫಿಯನ್ನು 1961ರಲ್ಲಿ ಪಡೆದು, ಆ ಗೌರವ ಗಳಿಸಿದ ಮೊದಲ ಕಪ್ಪು ಆಟಗಾರನಾದ.

ಅದಕ್ಕೂ ಮುಂಚೆ, 1960ರ ಹೊಸ ವರ್ಷದ ದಿನ, ಟೆಕ್ಸಾಸ್‌ನ ಡಲ್ಲಾಸ್ ನಗರದಲ್ಲಿ ಕಾಟನ್ ಬೌಲ್ ಪಂದ್ಯ ನಡೆಯಿತು. ಡೇವಿಸ್‌ನ ಸಿರಕ್ಯೂಸ್ ವಿಶ್ವವಿದ್ಯಾಲಯ ಟೆಕ್ಸಾಸ್ ತಂಡವನ್ನು 23–14ರಿಂದ ಸೋಲಿಸಿತು. ಶ್ರೇಷ್ಠ ಆಟಗಾರನೆನಿಸಿದವನು ಡೇವಿಸ್. ಆದರೆ ಔತಣಕೂಟದಲ್ಲಿ ಪ್ರಶಸ್ತಿ ಪಡೆದ ಮೇಲೆ ಕಪ್ಪು ಆಟಗಾರರು ಹೊರನಡೆಯಬೇಕೆಂಬ ಸೂಚನೆ ಬಂತು. ಗೆದ್ದವನಿಗೆ ಪದಕವುಂಟು, ಪಂಕ್ತಿಯಲ್ಲಿ ಎಲೆ ಇಲ್ಲ!

ಇಷ್ಟು ಸತ್ಯ ಕೈಯಲ್ಲಿದ್ದರೂ ಚಿತ್ರ ಇನ್ನೊಂದು ಅವಮಾನವನ್ನು ಕಲ್ಪಿಸಿಕೊಂಡಿತು. 1959ರಲ್ಲಿ ವೆಸ್ಟ್ ವರ್ಜೀನಿಯ ತಂಡದ ಊರಿನಲ್ಲಿ ಪಂದ್ಯ ನಡೆದಂತೆ, ಅಲ್ಲಿನ ಪ್ರೇಕ್ಷಕರು ಕಪ್ಪು ಆಟಗಾರರನ್ನು ಬೈದು ಬಾಟಲಿ ಎಸೆದಂತೆ ಅದು ತೋರಿಸುತ್ತದೆ. ವಾಸ್ತವವಾಗಿ ಆ ವರ್ಷದ ಪಂದ್ಯ ನಡೆದದ್ದು ಸಿರಕ್ಯೂಸ್‌ನಲ್ಲೇ. ಫಲಿತಾಂಶ 44–0. ಚಿತ್ರ ಬಂದಾಗ ವೆಸ್ಟ್ ವರ್ಜೀನಿಯದ ಜನ ಸಿಟ್ಟಾದದ್ದು ಸಹಜ.

ಜೀವನಚಿತ್ರಕ್ಕೆ ಒಂದಿಷ್ಟು ಸ್ವಾತಂತ್ರ್ಯ ಬೇಕು, ನಿಜ. ಹತ್ತು ವರ್ಷಗಳನ್ನು ಎರಡು ಗಂಟೆಗೆ ಇಳಿಸುವಾಗ ಘಟನೆಗಳು ಹಿಂದುಮುಂದಾಗಬಹುದು; ಮಾತುಗಳನ್ನು ಬರೆದು ಸೇರಿಸಬೇಕಾಗಬಹುದು. ಆದರೆ ನಡೆಯದ ತಪ್ಪನ್ನು ಹೆಸರಿರುವ ಊರೊಂದರ ತಲೆಗೆ ಕಟ್ಟುವುದು ಬೇರೆ ಮಾತು. ಅದರಿಂದ ನೋಯುವುದು ಆ ಊರು ಮಾತ್ರವಲ್ಲ. ಒಂದು ದೃಶ್ಯ ಸುಳ್ಳೆಂದು ತಿಳಿದ ಪ್ರೇಕ್ಷಕ ಡಲ್ಲಾಸ್‌ನ ಔತಣಕೂಟವನ್ನೂ ಅನುಮಾನಿಸುತ್ತಾನೆ. ವರ್ಣಭೇದ ಇರಲೇ ಇಲ್ಲ ಎನ್ನುವವರಿಗೆ ಬೇಕಾದದ್ದು ಅಂಥ ಒಂದು ನೆಪವೇ.

ಡೇವಿಸ್ ಸಾಯುವ ವರ್ಷ ಪತ್ರಿಕೆಯೊಂದರಲ್ಲಿ ತನ್ನ ಕಥೆ ಹೇಳಿಕೊಂಡಾಗ, ತಾನು ದುರದೃಷ್ಟವಂತನಲ್ಲ ಎಂದಿದ್ದ. ತನ್ನ ದುಃಖವನ್ನೇ ಹಿಗ್ಗಿಸಿ ಹೇಳದ ಮನುಷ್ಯನ ಕಥೆಗೆ ಬಣ್ಣ ಬಳಿಯುವ ಅಗತ್ಯವಿರಲಿಲ್ಲ.