ಕೂಡಿ ಕಲಿತವರ ಋಣ

(ಹೊನ್ನಾವರದಲ್ಲಿ 2024ನೆಯ ಇಸವಿಯಲ್ಲಿ ಪದವಿಯ ಅಭ್ಯಾಸ ಮುಗಿಸಿದ ವಿದ್ಯಾರ್ಥಿಗಳ ಪರವಾಗಿ, ಬೀಳ್ಕೊಡುವ ಸಭೆಯಲ್ಲಿ ಮಾಡಿದ ಭಾಷಣ)



ಬೀಳ್ಕೊಡುವ ಸಭೆಗಳಲ್ಲಿ ಹೊಗಳಿಕೆ ಹೆಚ್ಚು, ನಿಜ ಕಡಿಮೆ ಎಂಬ ಆಕ್ಷೇಪವುಂಟು. ಅದಕ್ಕೆ ಎಡೆಗೊಡದೆ, ಐದು ವರ್ಷ ಒಂದೇ ಸೂರಿನ ಕೆಳಗೆ ಕೂಡಿ ಕಲಿತ ನಾವು ಏನನ್ನು ಪಡೆದೆವು, ಏನನ್ನು ಕಳೆದುಕೊಂಡೆವು, ಯಾರಿಗೆ ಋಣಿಗಳಾಗಿದ್ದೇವೆ ಎಂಬ ಲೆಕ್ಕವನ್ನು ತಮ್ಮ ಮುಂದಿಡುವದೇ ಸರಿಯೆಂದು ನಮಗೆ ತೋರಿದೆ.

2019ರ ಮಳೆಗಾಲದ ಮೊದಲಿಗೆ ನಾವು ಇಲ್ಲಿಗೆ ಬಂದೆವು. ಹೊನ್ನಾವರವು ನಡುವಿನ ಊರು. ತೆಂಕಣ ಭಟ್ಕಳ, ಶಿರಾಲಿ, ಮುರ್ಡೇಶ್ವರಗಳಿಂದ ಶರಾವತಿಯನ್ನು ದಾಟಿ ಕೆಲವರು, ಬಡಗಣ ಕುಮಟೆಯ ಕಡೆಯಿಂದ ಕೆಲವರು, ಗೇರುಸೊಪ್ಪೆಯ ಹಾದಿಯ ಹಳ್ಳಿಗಳಿಂದ ಇನ್ನು ಕೆಲವರು. ಮನೆಯಲ್ಲಿ ಒಬ್ಬರದು ಕೊಂಕಣಿ, ಒಬ್ಬರದು ನವಾಯತಿ, ಒಬ್ಬರದು ಹವ್ಯಕರ ಕನ್ನಡ, ಮತ್ತೊಬ್ಬರದು ಹಾಲಕ್ಕಿಯವರ ಕನ್ನಡ. ಒಬ್ಬರ ನುಡಿಗೆ ಒಬ್ಬರು ನಕ್ಕದ್ದುಂಟು. ಆದರೆ ಆ ಮೊದಲ ವಾರಗಳಲ್ಲಿ ನಗುವಿಗಿಂತ ಅಂಜಿಕೆಯೇ ಹೆಚ್ಚಾಗಿತ್ತು. ಅದಕ್ಕೆ ಕಾರಣವನ್ನು ಮುಚ್ಚಿಡುವದು ತರವಲ್ಲ. ನಾವು ಇನ್ನೂ ಪ್ರೌಢಶಾಲೆಯಲ್ಲಿದ್ದಾಗ, 2017ರ ಡಿಸೆಂಬರಿನಲ್ಲಿ, ಹೊನ್ನಾವರ ಕುಮಟೆಗಳಲ್ಲಿ ಗಲಭೆಗಳಾದವು. 1993ರ ಭಟ್ಕಳದ ಕಥೆಯನ್ನಂತೂ ನಾವು ಹಿರಿಯರ ಬಾಯಿಂದ ಕೇಳುತ್ತಲೇ ಬೆಳೆದವರು. ಆದುದರಿಂದ ಕಾಲೇಜಿಗೆ ಹೊರಟ ದಿನ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಒಂದೇ ಬುದ್ಧಿವಾದ ನಡೆಯಿತು: “ಯಾರ ಸಂಗಡ ಕೂತುಕೊಳ್ಳುತ್ತೀ, ನೋಡಿಕೊಂಡು ಕೂತುಕೋ.” ನಾವು ಹಾಗೆಯೇ ನೋಡಿಕೊಂಡು ಕುಳಿತೆವು. ವರ್ಗದ ಬಾಕುಗಳು ತಾವಾಗಿಯೇ ಜಾತಿ ಜಾತಿಯಾಗಿ, ಮತ ಮತವಾಗಿ ಬೇರ್ಪಟ್ಟವು.

ಅದನ್ನು ಕಂಡ ನಮ್ಮ ಗುರುಗಳೊಬ್ಬರು ಉಪದೇಶ ಮಾಡಲಿಲ್ಲ. ಒಂದು ಮುಂಜಾನೆ ಹಾಜರಿಯ ಪುಸ್ತಕವನ್ನು ತೆರೆದು, ಅದರಲ್ಲಿ ಹೆಸರು ಬಂದ ಕ್ರಮದಲ್ಲಿಯೇ ಎಲ್ಲರೂ ಕುಳ್ಳಿರತಕ್ಕದ್ದೆಂದು ಹೇಳಿದರು, ಅಷ್ಟೆ. ಅಕ್ಷರಮಾಲೆಗೆ ಜಾತಿಯಿಲ್ಲವಷ್ಟೇ! ಖಾರ್ವಿಯವರ ಹುಡುಗನ ಬದಿಗೆ ಪುರೋಹಿತರ ಮಗನು, ಭಟ್ಕಳದ ಬಟ್ಟೆಯ ವ್ಯಾಪಾರಿಯ ಮಗಳ ಬದಿಗೆ ಗದ್ದೆಗೆಲಸದವರ ಮಗಳು ಬಂದು ಕುಳಿತರು. ಪ್ರಯೋಗಶಾಲೆಯಲ್ಲಿಯೂ ಅದೇ ಜೋಡಿ. ಒಬ್ಬರು ಅಳೆಯದೆ ಇನ್ನೊಬ್ಬರು ಬರೆಯುವಂತಿರಲಿಲ್ಲ. ಸ್ನೇಹವು ಹೀಗೆ ನಮ್ಮ ಅಪ್ಪಣೆಯನ್ನು ಕೇಳದೆಯೇ ಬೆಳೆಯಿತು.

ಆ ಸ್ನೇಹದ ಪರೀಕ್ಷೆ ಬೇಗನೆ ಬಂತು. 2020ರ ಮಾರ್ಚಿನಲ್ಲಿ ರೋಗದ ಭೀತಿಯಿಂದ ಬಾಗಿಲುಗಳು ಮುಚ್ಚಿದವು. ಪಾಠಗಳು ಮೊಬೈಲಿನಲ್ಲಿ ನಡೆದವು; ಆದರೆ ಮೊಬೈಲು ಎಲ್ಲರ ಮನೆಯಲ್ಲಿ ಇರಲಿಲ್ಲ, ಇದ್ದಲ್ಲಿ ಸಿಗ್ನಲ್ ಇರಲಿಲ್ಲ. ಕೊಡೆ ಹಿಡಿದು ಗುಡ್ಡದ ಕಲ್ಲಿನ ಮೇಲೆ ಕುಳಿತು ಪಾಠ ಕೇಳಿದವರು ನಮ್ಮಲ್ಲಿದ್ದಾರೆ. ಕೇಳಿದವರು ಕೇಳದವರಿಗಾಗಿ ಬರೆದರು. ಆ ಬರಹದ ವಹಿಗಳು ಹಾಲಿನವರ, ಮೀನಿನ ಗಾಡಿಯವರ ಕೈಯಿಂದ ಊರೂರಿಗೆ ತಲುಪಿದವು. ಮೀನಿನ ವಾಸನೆ ಹಿಡಿದ ಅಂಥ ಒಂದು ವಹಿಯು ಮಾಂಸ ಮೀನು ಕಾಣದ ಮನೆಯ ದೇವರ ಕೋಣೆಯ ಹೊರಗಿನ ಜಗುಲಿಯಲ್ಲಿ ಬಿಸಿಲಿಗೆ ಒಣಗಿತು; ಆ ಮನೆಯ ಅಜ್ಜಿಯೇ ಅದನ್ನು ಒಣಗಿಸಿದರು.

2021ರಲ್ಲಿ ದ್ವಿತೀಯ ಪಿಯುಸಿಯ ಪರೀಕ್ಷೆಯೇ ರದ್ದಾಗಿ, ಜುಲೈಯಲ್ಲಿ ಎಲ್ಲರೂ ಉತ್ತೀರ್ಣರೆಂದು ಪ್ರಕಟವಾಯಿತು. ಪರೀಕ್ಷೆ ಕೊಡದೆ ಪಾಸಾದವರೆಂದು ನಮ್ಮನ್ನು ಹಾಸ್ಯ ಮಾಡಿದವರಿದ್ದಾರೆ. ನಮಗೆ ಅದರಲ್ಲಿ ಹೆಮ್ಮೆಯೂ ಇರಲಿಲ್ಲ. ಆದರೆ ಮರುವರ್ಷ ಇನ್ನೊಂದು ಪರೀಕ್ಷೆ ಒದಗಿತು. 2022ರ ಆಗಸ್ಟಿನ ಆರಂಭದಲ್ಲಿ ಭಟ್ಕಳದಲ್ಲಿ ಎಂದೂ ಕಾಣದ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಅಸುನೀಗಿದರು. ಪೇಟೆಯ ಅಂಗಡಿಗಳಲ್ಲಿ ನೀರು ನಿಂತಿತು. ಭಟ್ಕಳದ ನಮ್ಮ ಸಹಪಾಠಿಯ ಅಂಗಡಿಯ ಕೆಸರನ್ನು ಎತ್ತಲು ಹೊನ್ನಾವರ ಕುಮಟೆಗಳಿಂದ ನಾವು ಹೋದೆವು. “ಇವರು ಯಾರು?” ಎಂದು ಅವನ ತಂದೆಯವರು ಕೇಳಿದಾಗ, “ನಮ್ಮ ವರ್ಗದವರು” ಎಂದು ಅವನು ಉತ್ತರವಿತ್ತನು. ಐದು ವರ್ಷಗಳಲ್ಲಿ ನಾವು ಗಳಿಸಿದ್ದೆಲ್ಲವೂ ಆ ಉತ್ತರದಲ್ಲಿದೆಯೆಂದು ನಾವು ತಿಳಿದಿದ್ದೇವೆ.

ಇನ್ನು ಕಳೆದುಕೊಂಡದ್ದು. ಮೊದಲ ಹಾಜರಿಪಟ್ಟಿಯಲ್ಲಿದ್ದ ಮೂವರು ಈ ದಿನ ಇಲ್ಲಿಲ್ಲ. ಒಬ್ಬನು ಬಾಗಿಲು ಮುಚ್ಚಿದ ವರ್ಷ ಬೋಟಿಗೆ ಹೋದವನು ತಿರುಗಿ ಬರಲಿಲ್ಲ. ಮನೆಯ ಸಾಲ ಅವನನ್ನು ಬಿಡಲಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೆ ಲಗ್ನವಾಯಿತು. ಅವರಲ್ಲಿ ಒಬ್ಬಳು ನಮ್ಮೆಲ್ಲರಿಗಿಂತ ಚೆನ್ನಾಗಿ ಗಣಿತ ಬಲ್ಲವಳು. ಆಗ ನಾವು ಅವರ ಮನೆಗಳಿಗೆ ಹೋಗಿ ಒಂದು ಮಾತು ಹೇಳಬಹುದಾಗಿತ್ತು, ಹೇಳಲಿಲ್ಲ. ಇದು ನಮ್ಮ ತಪ್ಪು.

ಹಿಂದಿನವರ ಕಾಲವನ್ನು ನೆನೆದರೆ ಈ ತಪ್ಪು ಇನ್ನೂ ದೊಡ್ಡದಾಗಿ ಕಾಣುವದು. 1862ರಲ್ಲಿ ಉತ್ತರ ಕನ್ನಡವು ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಮುಂದಿನ ಎಷ್ಟೋ ವರ್ಷ ಈ ಕರಾವಳಿಯ ಹುಡುಗರಿಗೆ ಮೇಲಿನ ವಿದ್ಯೆಯೆಂದರೆ ದೂರದ ಮಾತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆದ ಮೇಲೆಯೂ ಅವರು ಘಟ್ಟವನ್ನು ಹತ್ತಬೇಕಾಗಿತ್ತು. ಭಟ್ಕಳದ ಅಂಜುಮನ್ ಸಂಸ್ಥೆ 1919ರಲ್ಲಿ ಹುಟ್ಟಿತು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಬಡವರ ಮಕ್ಕಳ ಬಳಿಗೆ ಶಾಲೆಗಳನ್ನು ತಂದರು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಇಷ್ಟು ಜನರ ದುಡಿಮೆಯಿಂದ ವಿದ್ಯೆಯು ನಮ್ಮ ಹೊಳೆಯ ದಂಡೆಗೆ ಬಂದಿರಲಾಗಿ, ಅದು ಒಬ್ಬರ ಕೈಯಿಂದ ಜಾರಿದರೂ ಉಳಿದವರು ಸುಮ್ಮನಿರಬಾರದಾಗಿತ್ತು. ನಾಡನ್ನು ಕೂಡಿಸುವ ಕೆಲಸ ಹಿರಿಯರದಾಗಿತ್ತು; ಒಂದೇ ಬಾಕಿನ ಮೇಲೆ ಕುಳಿತವರು ಬೇರೆಯಾಗದಂತೆ ನೋಡಿಕೊಳ್ಳುವ ಕೆಲಸ ನಮ್ಮದು.

ನಾಳೆಯಿಂದ ನಾವು ಚದರುವೆವು. ಕೆಲವರು ಬೆಂಗಳೂರು ಮಂಗಳೂರುಗಳಿಗೆ, ಕೆಲವರು ಗೋವೆಗೆ, ಕೆಲವರು ಕೊಲ್ಲಿಯ ದೇಶಗಳಿಗೆ ಹೋಗುವವರು. ಹೋಗುವ ಮುನ್ನ ನಾವು ಎರಡು ನಿಶ್ಚಯಗಳನ್ನು ಮಾಡಿದ್ದೇವೆ. ಮೊದಲನೆಯದು: ನಮ್ಮ ಮೊದಲ ಸಂಬಳದಿಂದ ಒಂದಿಷ್ಟು ಹಣವನ್ನು ಕೂಡಿಸಿ, ಆ ಮೂವರಲ್ಲಿ ಓದಬಯಸುವವರ ಶುಲ್ಕ ಪುಸ್ತಕಗಳ ವೆಚ್ಚವನ್ನು ವಹಿಸುವದು, ಮತ್ತು ಈ ಸಾರೆ ಅವರ ಮನೆಯವರ ಹತ್ತಿರ ನಾವೇ ಹೋಗಿ ಮಾತಾಡುವದು. ಎರಡನೆಯದು: ನಮ್ಮ ಊರುಗಳಲ್ಲಿ ಮತ್ತೆ ಎಂದಾದರೂ ಕೆಟ್ಟ ಸುದ್ದಿ ಹಬ್ಬಿದರೆ, ಅದನ್ನು ನಂಬುವ ಮೊದಲು, ಮತ್ತೊಬ್ಬರಿಗೆ ಕಳಿಸುವ ಮೊದಲು, ನಮ್ಮ ಬಾಕಿನ ಜೊತೆಗಾರರನ್ನು ಕೇಳುವದು.

ಗುರುಜನರಲ್ಲಿ ನಮ್ಮದೊಂದು ವಿನಂತಿ. ಬರುವ ಜೂನಿನಲ್ಲಿ ಹೊಸ ಮಕ್ಕಳು ಬರುವರು. ಅವರೂ ಮನೆಯ ಬುದ್ಧಿವಾದವನ್ನು ಕೇಳಿಯೇ ಬರುವರು. ದಯಮಾಡಿ ಮೊದಲ ದಿನವೇ ಹಾಜರಿಯ ಪುಸ್ತಕವನ್ನು ತೆರೆಯಿರಿ.