ನಂಜು, ಔಷಧಿ ಮತ್ತು ನಮ್ಮ ಲಿವರ್
(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಕಮಲಾಪುರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ "ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳ್ರಿ" ಎಂದಿದ್ದಾರೆ. ಆರೋಗ್ಯ ದೊಡ್ಡ ವಿಷಯ. ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಹೇಳಲು ಹೋದರೆ ಯಾವುದೂ ನಿಮ್ಮ ಮನೆಯವರೆಗೆ ಬರುವುದಿಲ್ಲ. ಆದ್ದರಿಂದ ಒಂದೇ ಅಂಗವನ್ನು ಆರಿಸಿಕೊಂಡಿದ್ದೇನೆ. ಜೀವಶಾಸ್ತ್ರದ ಪುಸ್ತಕದಲ್ಲಿ ಅದಕ್ಕೆ ಯಕೃತ್ತು ಎಂದು ಹೆಸರು, ಕೆಲವು ಕಡೆ ಪಿತ್ತಜನಕಾಂಗ ಎಂದೂ ಬರೆಯುತ್ತಾರೆ. ಮಟನ್ ಅಂಗಡಿಯಲ್ಲಿ ನಾವು ಕೇಳುವುದು ಕಲೇಜಿ. ದವಾಖಾನೆಯಲ್ಲಿ ಎಲ್ಲರೂ ಲಿವರ್ ಎನ್ನುತ್ತಾರೆ, ನಾನೂ ಇವತ್ತು ಹಾಗೆಯೇ ಕರೆಯುತ್ತೇನೆ.

ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಕಲಬುರಗಿಯಲ್ಲಿ ನನ್ನ ಹತ್ತಿರ ಬರುವ ರೋಗಿಗಳಲ್ಲಿ ಕಮಲಾಪುರ, ಮಹಾಗಾಂವ, ಡೊಂಗರಗಾಂವ ಕಡೆಯವರು ಯಾವಾಗಲೂ ಇರುತ್ತಾರೆ. ತೊಗರಿ ಹೂವಾಡುವ ಕಾಲಕ್ಕೆ ಎಣ್ಣಿ ಹೊಡೆದು ಬಿದ್ದವರು ಬರುತ್ತಾರೆ. ಮಳೆಗಾಲದಲ್ಲಿ ಕಾಮಣಿ ಆದವರು ಬರುತ್ತಾರೆ. ಕುಡಿದು ಹೊಟ್ಟೆಯಲ್ಲಿ ನೀರು ತುಂಬಿಕೊಂಡವರು ವರ್ಷದ ಹನ್ನೆರಡು ತಿಂಗಳೂ ಬರುತ್ತಾರೆ. ಇವರಲ್ಲಿ ಎಷ್ಟೋ ಜನ ತಡವಾಗಿ ಬಂದವರು. ಎರಡು ದಿನ ಮೊದಲು ಬಂದಿದ್ದರೆ ಉಳಿಯುತ್ತಿದ್ದರು ಎನಿಸುವಂಥವರನ್ನು ನೋಡಿ ನೋಡಿ, ಈ ಮಾತನ್ನು ದವಾಖಾನೆಯಲ್ಲಿ ಅಲ್ಲ, ಊರಲ್ಲೇ ಹೇಳಬೇಕು ಎಂದುಕೊಂಡೆ.

ಲಿವರ್ ಬಲಗಡೆ ಪಕ್ಕೆಲುಬಿನ ಕೆಳಗೆ ಇರುತ್ತದೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಕ. ನಿಮಿಷಕ್ಕೆ ಹೆಚ್ಚು ಕಡಿಮೆ ಒಂದೂವರೆ ಲೀಟರ್ ರಕ್ತ ಅದರೊಳಗೆ ಹಾದು ಹೋಗುತ್ತದೆ. ಆ ರಕ್ತದ ಮುಕ್ಕಾಲು ಪಾಲು ನೇರವಾಗಿ ಹೊಟ್ಟೆ, ಕರುಳಿನಿಂದಲೇ ಬರುತ್ತದೆ. ಅಂದರೆ ನೀವು ತಿಂದ ರೊಟ್ಟಿ, ಕುಡಿದ ಚಹಾ, ನುಂಗಿದ ಗುಳಿಗೆ, ಬಾಯಿಗೆ ಹೋದ ವಿಷ ಎಲ್ಲವೂ ಮೈಗೆಲ್ಲ ಹರಡುವ ಮೊದಲು ಲಿವರಿನ ಅಗಸಿ ದಾಟಬೇಕು.

ಬಹಳ ಜನ ಲಿವರ್ ಅಂದರೆ ಸೋಸುವ ಜರಡಿ ಎಂದು ತಿಳಿದಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ. ಜರಡಿ ಕಸವನ್ನು ತಡೆದು ಇಟ್ಟುಕೊಳ್ಳುತ್ತದೆ, ಲಿವರ್ ವಸ್ತುವನ್ನೇ ಬದಲಾಯಿಸುತ್ತದೆ. ಎಣ್ಣೆಯಲ್ಲಿ ಕರಗುವ ರಾಸಾಯನಿಕ ಮೂತ್ರದಲ್ಲಿ ಹೊರಗೆ ಹೋಗಲಾರದು. ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರಕ್ಕೋ ಪಿತ್ತಕ್ಕೋ ಸೇರಿಸುವುದು ಲಿವರಿನ ಕಿಣ್ವಗಳ ಕೆಲಸ. ಬಹುತೇಕ ಸಲ ಇದರಿಂದ ನಂಜು ಇಳಿಯುತ್ತದೆ. ಕೆಲವು ಸಲ ಮಾತ್ರ ಬದಲಾದ ವಸ್ತು ಮೊದಲಿನದಕ್ಕಿಂತ ಕೆಟ್ಟದ್ದಾಗಿರುತ್ತದೆ. ಇದೊಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದೆ ನಾನು ಹೇಳುವುದೆಲ್ಲ ಸುಲಭವಾಗಿ ತಿಳಿಯುತ್ತದೆ.

ಮೊದಲು ಕುಡಿತದ ಮಾತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ ಹೋದರು. ಎರಡೂ ಸಲ ಕೊಂದದ್ದು ಮೆಥನಾಲ್. ಅದು ಬಣ್ಣ, ವಾರ್ನಿಶ್ ಕೆಲಸಕ್ಕೆ ಬಳಸುವ ಸ್ಪಿರಿಟ್. ಮೆಥನಾಲ್ ಹೊಟ್ಟೆಗೆ ಹೋದ ಕೂಡಲೇ ದೊಡ್ಡ ತೊಂದರೆ ಕಾಣುವುದಿಲ್ಲ, ನಶೆಯೂ ಸಾಧಾರಣ. ಲಿವರ್ ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಕಣ್ಣಿನ ನರವನ್ನು ಸುಡುವುದು ಆ ಆಮ್ಲ. ಕುಡಿದವನು ಮನೆಗೆ ಹೋಗಿ ಮಲಗುತ್ತಾನೆ, ಮರುದಿನ ಎದ್ದು "ಮಂಜ್ ಕಂಡಂಗ್ ಆಗ್ಲತದ" ಅಂತಾನೆ. ರಾತ್ರಿಯ ನಶೆ ಇನ್ನೂ ಇಳಿದಿಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಆ ಮಂಜು ಕಂಡ ಗಳಿಗೆಯಲ್ಲೇ ಹೊರಡಬೇಕು. ಇದರ ಚಿಕಿತ್ಸೆ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಆಸ್ಪತ್ರೆಯಲ್ಲಿ ಅಳತೆ ಮಾಡಿ ಶುದ್ಧ ಎಥನಾಲನ್ನೇ ಕೊಡುವುದೂ ಉಂಟು. ಲಿವರಿನ ಕಿಣ್ವ ಎಥನಾಲಿನ ಕೆಲಸದಲ್ಲಿ ತೊಡಗಿ ಮೆಥನಾಲನ್ನು ಬಿಟ್ಟುಬಿಡುತ್ತದೆ, ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ಅದನ್ನು ತೆಗೆಯಬಹುದು. ಇದನ್ನು ಕೇಳಿ ಯಾರೂ ಮನೆಯಲ್ಲಿ ವೈದ್ಯ ಮಾಡಲು ಹೋಗಬಾರದು!

ನಮ್ಮ ಭಾಗದ್ದು ಇನ್ನೊಂದು ಕಥೆ, ಸೇಂದಿ. ರಾಯಚೂರು, ಕಲಬುರಗಿ, ಯಾದಗಿರಿ ಕಡೆಯ, ತೆಲಂಗಾಣದ ಗಡಿಗೆ ಹತ್ತಿದ ಊರುಗಳ ಹಿರಿಯರಿಗೆ "ಸಿ.ಎಚ್. ಪೌಡರ್" ಎಂಬ ಹೆಸರು ಗೊತ್ತು. ಅದು ಕ್ಲೋರಲ್ ಹೈಡ್ರೇಟ್, ಹತ್ತೊಂಬತ್ತನೇ ಶತಮಾನದಲ್ಲಿ ನಿದ್ರೆ ಬರಿಸಲು ಕೊಡುತ್ತಿದ್ದ ಔಷಧಿ. ಈಚಲ ಮರದ ಸೇಂದಿ ಸಾಲದಾದಾಗ ನೀರಿಗೆ ಈ ಪುಡಿ, ಸಕ್ಕರೆ, ಇನ್ನೇನೇನೋ ಬೆರೆಸಿ ಮಾರುವ ದಂಧೆ ಹುಟ್ಟಿತು. ಇಲ್ಲಿಯೂ ಲಿವರೇ ಆ ಪುಡಿಯನ್ನು ನಿಜವಾದ ನಿದ್ರಾಕಾರಕವಾಗಿ ಬದಲಾಯಿಸುವುದು. ಜೊತೆಗೆ ಹೆಂಡ ಸೇರಿದರೆ ಒಂದರ ನಶೆಯನ್ನು ಇನ್ನೊಂದು ಹೆಚ್ಚಿಸುತ್ತದೆ, ಉಸಿರು ನಿಲ್ಲುವ ಹಂತಕ್ಕೆ ಹೋಗಬಹುದು. ಇನ್ನು ಬಿಡುವುದಂತೂ ಕಠಿಣ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ಸರ್ಕಾರ ಕ್ರಮ ತೆಗೆದುಕೊಂಡಾಗ ನಿಜಾಮಾಬಾದ್ ಕಡೆ ಕುಡಿಯುವುದು ಒಮ್ಮೆಲೇ ನಿಂತು ಜನ ನಡುಗುತ್ತ, ಫಿಟ್ಸ್ ಬಂದು, ಹುಚ್ಚು ಹಿಡಿದಂತಾಗಿ ಆಸ್ಪತ್ರೆ ಸೇರಿದರು. ಆದ್ದರಿಂದ ಮನೆಯಲ್ಲಿ ದಿನಾ ಕುಡಿಯುವವರಿದ್ದರೆ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಡಾಕ್ಟರ ಕೈಯಲ್ಲಿ ಬಿಡಿಸಿ.

ಇನ್ನು ಔಷಧಿ. ಜ್ವರ, ಮೈಕೈ ನೋವಿಗೆ ಎಲ್ಲರೂ ತಿನ್ನುವ ಪ್ಯಾರಾಸಿಟಮಾಲ್ ಒಳ್ಳೆಯ ಗುಳಿಗೆ, ನಾನೂ ತಿನ್ನುತ್ತೇನೆ. ಅದರ ಒಂದು ಸಣ್ಣ ಪಾಲು ಲಿವರಿನಲ್ಲಿ ವಿಷವಾಗಿ ಬದಲಾಗುತ್ತದೆ. ಆ ವಿಷವನ್ನು ಹಿಡಿದು ಹಾಕಲು ಲಿವರಿನಲ್ಲಿ ಗ್ಲುಟಥಯೋನ್ ಎಂಬ ವಸ್ತುವಿನ ದಾಸ್ತಾನು ಇರುತ್ತದೆ. ದಾಸ್ತಾನು ಇರುವವರೆಗೆ ಚಿಂತೆ ಇಲ್ಲ, ಮುಗಿದ ಮೇಲೆ ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ. 650ರ ಗುಳಿಗೆ ಆರು ಆದರೆ ಆ ಮಿತಿ ಮುಟ್ಟಿದಂತೆ. ನೆಗಡಿಯ ಗುಳಿಗೆಯಲ್ಲಿ, ನೋವಿನ ಗುಳಿಗೆಯಲ್ಲಿ ಇದೇ ಪ್ಯಾರಾಸಿಟಮಾಲ್ ಬೇರೆ ಹೆಸರಿನಲ್ಲಿ ಇರುತ್ತದೆ. ಮೂರು ಚೀಟಿಯ ಗುಳಿಗೆ ಕೂಡಿಸಿ ನುಂಗಿದವರಿಗೆ ಇದು ಗೊತ್ತೇ ಇರುವುದಿಲ್ಲ. ಕುಡಿಯುವವರಿಗೆ, ಊಟ ಬಿಟ್ಟವರಿಗೆ ಮಿತಿ ಇನ್ನೂ ಕಡಿಮೆ. ಹೆಚ್ಚಾಗಿದ್ದರೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಎಂಟು ತಾಸಿನೊಳಗೆ ಕೊಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲ ದಿನ ವಾಂತಿ ಆಗಿ ಎರಡನೇ ದಿನ ಆರಾಮ ಎನಿಸುತ್ತದೆ, ಆ ಆರಾಮವನ್ನು ನಂಬಬೇಡಿ.

ಮಕ್ಕಳ ಜ್ವರಕ್ಕೆ ಹಿಂದೆ ಕೊಡುತ್ತಿದ್ದ ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ 2011ರಲ್ಲಿ ನಿಷೇಧಿಸಿದ್ದು ಲಿವರಿನ ಕಾರಣಕ್ಕೇ. ಕ್ಷಯದ ಔಷಧಿಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಕೆಲವರ ಲಿವರಿಗೆ ತೊಂದರೆ ಕೊಡಬಲ್ಲವು. ಹಾಗೆಂದು ಹೆದರಿ ನೀವಾಗಿಯೇ ಬಿಟ್ಟರೆ ಕ್ಷಯ ಮೊಂಡು ಬೀಳುತ್ತದೆ. ಹಸಿವು ಹೋದರೆ, ವಾಂತಿಯಾದರೆ, ಮೂತ್ರ ಕಡು ಹಳದಿಯಾದರೆ ಅವತ್ತೇ ದವಾಖಾನೆಗೆ ಬಂದು ಹೇಳಿ. ಔಷಧಿ ನಿಲ್ಲಿಸಿ, ರಕ್ತ ನೋಡಿ, ಮತ್ತೆ ಒಂದೊಂದಾಗಿ ಶುರು ಮಾಡುವ ಕ್ರಮ ನಮಗೆ ಗೊತ್ತಿದೆ.

ಕಾಮಣಿಗೆ ನಾಟಿ ಔಷಧಿಯ ಮಾತು ಎತ್ತಿದರೆ ನನ್ನ ಕೆಲವು ಗೆಳೆಯರಿಗೆ ಬೇಸರವಾಗಬಹುದು. ಆದರೂ ಹೇಳುತ್ತೇನೆ. ಕೆಟ್ಟ ನೀರಿನಿಂದ ಬರುವ ಕಾಮಣಿ ಬಹಳಷ್ಟು ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾರು ಸೊಪ್ಪಿನ ರಸ ಕೊಟ್ಟಿರುತ್ತಾರೋ ಅವರಿಗೆ ಹೆಸರು ಬರುತ್ತದೆ. ತೊಂದರೆ ಇರುವುದು ಉಳಿದವರಲ್ಲಿ. ಒಬ್ಬರದು ಪಿತ್ತದ ನಾಳದ ಕಲ್ಲು, ಒಬ್ಬರದು ಹೆಪಟೈಟಿಸ್ ಬಿ, ಒಬ್ಬರದು ತಾವೇ ತಿಂದ ಗುಳಿಗೆ. ಇವೆಲ್ಲಕ್ಕೂ ಕಣ್ಣು ಹಳದಿಯಾಗುವುದು ಒಂದೇ ತರಹ. ಬಸುರಿಯರಿಗೆ ನೀರಿನ ಕಾಮಣಿಯೂ ಜೀವಕ್ಕೆ ಅಪಾಯ ತರಬಹುದು. ಗಿಡಮೂಲಿಕೆ ಎಂದಾಕ್ಷಣ ನಿರುಪದ್ರವಿ ಅಂತಲೂ ಅಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ವಾರಗಟ್ಟಲೆ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಈಗ ಎಣ್ಣಿ ಹೊಡೆಯುವ ಮಾತಿಗೆ ಬರೋಣ. ಇದು ನಿಮ್ಮೆಲ್ಲರ ಹೊಲದ ಮಾತು. ತೊಗರಿಯ ಕಾಯಿಕೊರಕ ಹುಳಕ್ಕೆ ನಾವು ಹೊಡೆಯುವ ಔಷಧಿಗಳಲ್ಲಿ ಕ್ಲೋರ್‌ಪೈರಿಫಾಸ್ ತರಹದವು ಎಷ್ಟೋ. ಇವು ಚರ್ಮದಿಂದಲೇ ಒಳಗೆ ಇಳಿಯುತ್ತವೆ, ಬಾಯಿಗೆ ಹೋಗಬೇಕೆಂದಿಲ್ಲ. ಒಳಗೆ ಹೋದ ಮೇಲೆ ಲಿವರ್ ಅವನ್ನು 'ಆಕ್ಸಾನ್' ಎಂಬ ಇನ್ನೂ ತೀಕ್ಷ್ಣ ರೂಪಕ್ಕೆ ಬದಲಾಯಿಸುತ್ತದೆ, ಅದೇ ಲಿವರ್ ಅದನ್ನು ಮುರಿದೂ ಹಾಕುತ್ತದೆ. ಮುರಿಯುವುದಕ್ಕಿಂತ ತಯಾರಾಗುವುದು ಹೆಚ್ಚಾದರೆ ವಿಷ ನರಗಳಿಗೆ ಹೋಗುತ್ತದೆ. ಕಣ್ಣ ಪಾಪೆ ಸೂಜಿ ಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಸ್ನಾಯು ಅದುರುವುದು, ಉಸಿರು ಕಟ್ಟುವುದು.

ತೊಗರಿಯಲ್ಲಿ ಇನ್ನೊಂದು ಅಪಾಯವಿದೆ. ಒಳ್ಳೆ ಮಳೆಯಾದ ವರ್ಷ ಗಿಡ ಆಳೆತ್ತರ ಬೆಳೆಯುತ್ತದೆ. ಪಂಪು ಮೇಲಕ್ಕೆ ಎತ್ತಿ ಹೊಡೆದರೆ ತುಂತುರು ತಿರುಗಿ ಮುಖದ ಮೇಲೇ ಬೀಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಎತ್ತರ ಬೆಳೆದ ಹತ್ತಿಗೆ ಔಷಧಿ ಹೊಡೆದು ಇಪ್ಪತ್ತರಷ್ಟು ರೈತರು, ಕೂಲಿಗಳು ಸತ್ತರು. ನಮ್ಮ ಕಡೆ ಕೇಳಿದರೆ "ಇಪ್ಪತ್ ವರ್ಷ ಹೊಡದೀನ್ರಿ ಸರ, ಏನೂ ಆಗಿಲ್ಲ" ಎನ್ನುತ್ತಾರೆ. ಇಪ್ಪತ್ತು ವರ್ಷ ಹೊಡೆದವರ ಮೈಯಲ್ಲಿ ಏನಾಗಿದೆ ಎಂದು ಕಾಸರಗೋಡಿನ ಕನ್ನಡ ಊರಾದ ಪಡ್ರೆಯವರನ್ನು ಕೇಳಬೇಕು. ಅಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸುರಿದರು. ಊರಲ್ಲಿ ಅಸಾಧಾರಣವಾಗಿ ಕಾಯಿಲೆ ಕಾಣುತ್ತಿದೆ ಎಂದು ಮೊದಲು ಗುರುತಿಸಿದವರಲ್ಲಿ ಒಬ್ಬರು ಅಲ್ಲಿನ ಹಳ್ಳಿ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರ ಮೇ 13ರಂದು.

ಹೊಡೆಯಲೇಬೇಕು ಎಂದರೆ ಡಬ್ಬಿಯ ಮೇಲಿನ ಬಣ್ಣ ನೋಡಿ. ಕೆಂಪು ಎಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಓದಲು ಬಾರದವರಿಗಾಗಿಯೇ ಬಣ್ಣ ಹಾಕಿದ್ದಾರೆ. ಗಾಳಿ ಬೆನ್ನಿಗಿರಲಿ, ತುಂಬು ತೋಳಿನ ಅಂಗಿ ಇರಲಿ. ನಳಿಕೆ ಕಟ್ಟಿದರೆ ಬಾಯಿಂದ ಊದಬೇಡಿ. ಗುಟಕಾ, ಬೀಡಿ ಹೊಲದಲ್ಲಿ ಬೇಡ. ಖಾಲಿ ಡಬ್ಬಿಯನ್ನು ತೊಳೆದು ಮನೆಗೆ ತರುವ ಅಭ್ಯಾಸ ಇನ್ನೂ ಇದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರಾದರೂ ಬಿದ್ದರೆ ಬಟ್ಟೆ ಬಿಚ್ಚಿಸಿ, ಸೋಪು ನೀರು ಹಾಕಿ ಮೈ ತೊಳೆದು, 108ಕ್ಕೆ ಫೋನು ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಡಬ್ಬಿಯನ್ನು ಜೊತೆಗೆ ತನ್ನಿ. ಯಾವ ವಿಷ ಎಂದು ಗೊತ್ತಾದರೆ ನಮ್ಮ ಅರ್ಧ ಕೆಲಸ ಮುಗಿಯುತ್ತದೆ. ಮನಸ್ಸಿಗೆ ಬೇಜಾರಾಗಿ ಡಬ್ಬಿಯ ಕಡೆ ಕಣ್ಣು ಹೋಗುವವರು ಎಲ್ಲ ಊರಲ್ಲೂ ಇರುತ್ತಾರೆ. ಅಂಥವರಿಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಡಬ್ಬಿಗೆ ಬೀಗ ಹಾಕಿಡಬೇಕು.

ಶೇಂಗಾದ ಬಗ್ಗೆ ಎರಡು ಮಾತು. ಹಸಿ ಇರುವಾಗಲೇ ಚೀಲ ತುಂಬಿದ ಶೇಂಗಾಕ್ಕೆ ಹಿಡಿಯುವ ಹಸಿರು ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಲಿವರಿನ ಕ್ಯಾನ್ಸರಿಗೆ ಕಾರಣ, ಹೆಪಟೈಟಿಸ್ ಬಿ ಇರುವವರಿಗೆ ಇನ್ನೂ ಹೆಚ್ಚು. ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಸ್ಟು ಬಂದದ್ದನ್ನು ಹಿಂಡಿ ಮಾಡಿ ದನಕ್ಕೂ ಹಾಕಬೇಡಿ, ಹಾಲಿಗೆ ಬರುತ್ತದೆ.

ಲಿವರಿನ ಒಳಗೆ ನೋವಿನ ನರಗಳಿಲ್ಲ. ಆದ್ದರಿಂದ ಅದು ಬಹುಪಾಲು ಕೆಡುವವರೆಗೆ ಸುಮ್ಮನಿರುತ್ತದೆ. ಸಮಾಧಾನದ ಸಂಗತಿ ಎಂದರೆ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದರೂ ಉಳಿದದ್ದು ಮತ್ತೆ ಬೆಳೆಯಬಲ್ಲದು. ಗಂಟು ಗಂಟಾಗಿ ಗಡುಸಾದ ಲಿವರಿಗೆ ಮಾತ್ರ ಆ ಶಕ್ತಿ ಕುಂದುತ್ತದೆ. ಕುಡಿತವನ್ನು ಅದಕ್ಕೂ ಮೊದಲೇ ಬಿಟ್ಟವರು ಚೇತರಿಸಿಕೊಂಡದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಉಪನ್ಯಾಸ ಮುಗಿದ ಮೇಲೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ನಮ್ಮಪ್ಪ ಎಣ್ಣಿ ಹೊಡ್ದ್ ಬಂದ ಅಂಗಿ ನಮ್ಮವ್ವ ತೊಳೀತಾಳ್ರಿ. ಆಕಿಗೂ ಏನರ ಆಗ್ತದೇನ್ರಿ?" ಎಂದು ಕೇಳಿದಳು. ಆ ಉತ್ತರವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಆಗಬಹುದು ತಂಗಿ. ಆ ಅಂಗಿಯನ್ನು ಮನೆಯ ಬೇರೆ ಬಟ್ಟೆಗಳ ಜೊತೆ ನೆನೆಹಾಕಬಾರದು. ಅಪ್ಪ ಹೊಲದಿಂದ ಬಂದವರೇ ಮೊದಲು ಅಂಗಿ ಬಿಚ್ಚಿ ಸೋಪು ಹಚ್ಚಿ ಸ್ನಾನ ಮಾಡಲಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಲಿ. ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ಎರಡು ಸಲ ತೊಳೆದು ಬಿಸಿಲಿಗೆ ಹಾಕಬೇಕು. ತೊಳೆಯುವವರ ಕೈಗೆ ರಬ್ಬರ್ ಗ್ಲೌಸ್ ಬೇಕು. ಸಾಧ್ಯವಾದರೆ ಅಪ್ಪನೇ ತೊಳೆಯಲಿ.